ಅರೆವಾಹಕ ಸಾಧನಗಳ ಮೇಲೆ ಉಷ್ಣತೆಯ ಪ್ರಭಾವ

ಡಯೋಡ್, ಟ್ರಾನ್ಸಿಸ್ಟರ್ ಮೊದಲಾದ ಅರೆವಾಹಕ ಸಾಧನಗಳ ವಿದ್ಯುದ್ಗುಣಗಳು ಅವುಗಳ ಉಷ್ಣತೆಯೊಡನೆ ವ್ಯತ್ಯಾಸಗೊಳ್ಳುವ ಕ್ರಮವೂ, ಆ ವ್ಯತ್ಯಾಸದಿಂದ ಎಲೆಕ್ಟ್ರಾನಿಕ್ ಮಂಡಲಗಳಲ್ಲಿ ಒದಗುವ ಇಷ್ಟಾನಿಷ್ಟ ಫಲಗಳೂ, ಅನಿಷ್ಟವನ್ನು ಹತೋಟಿಯಲ್ಲಿಡಲು ವಿನ್ಯಾಸಕಾರರು ಅನುಸರಿಸುವ ಉಪಾಯಗಳೂ ಸೇರಿ ಎಲೆಕ್ಟ್ರಾನಿಕ್ಸ್ ಶಾಸ್ತ್ರದ ಒಂದು ಪ್ರಧಾನ ಅಧ್ಯಾಯವಾಗಿವೆ. ರೋಧಕ, ಧಾರಕ, ಸುರುಳಿ ಮುಂತಾದ ಇತರ ಅಂಗಗಳಿಗೆ ಉಷ್ಣವು ಬಹುಮಟ್ಟಿಗೆ ಹೊರಗಿನಿಂದ ಬಂದೆರಗುವ ಉಪಾಧಿ. ಅರೆವಾಹಕಕ್ಕಾದರೋ ಅದು ವಸ್ತುವಿನ ಸ್ವಭಾವದಲ್ಲಿಯೇ ಬೆರೆತಿರುವ ಅಂಶ. ಉಷ್ಣವು ತೀರ ಕುಗ್ಗಿದರೆ ಅರೆವಾಹಕವು ವಿದ್ಯುತ್ತನ್ನು ವಹಿಸಲಾರದು. ಮಿತಿಮೀರಿದರೆ ಒಂದೇ ದಿಕ್ಕಿಗೆ ವಿದ್ಯುತ್ತನ್ನು ಬಿಡಬೇಕೆಂಬ ತನ್ನ ಧರ್ಮವನ್ನೇ ತೊರೆಯುವುದು. ಈ ಎರಡು ಮೇರೆಗಳ ನಡುವಣ ಕ್ಷೇತ್ರದಲ್ಲಿಯೇ ರೇಡಿಯೋ, ದೂರವಾಣಿ, ಗಣಕಯಂತ್ರಗಳ ಸಮಸ್ತ ವ್ಯವಹಾರವೂ ನಡೆಯುವುದರಿಂದ, ಉಷ್ಣತೆಯ ಲೆಕ್ಕವನ್ನು ಮೊದಲೇ ಹಾಕದೆ ಕಟ್ಟಿದ ಮಂಡಲವು ಪ್ರಯೋಗಶಾಲೆಯಲ್ಲಿ ಎಷ್ಟೇ ಸೊಗಸಾಗಿ ನಡೆದರೂ ಬಳಕೆಯ ಸ್ಥಳದಲ್ಲಿ ವಿಶ್ವಾಸಾರ್ಹವಾಗದು.

ಭೌತಿಕ ಕಾರಣ

ತಾಮ್ರದ ತಂತಿಯನ್ನು ಕಾಯಿಸಿದರೆ ಅದರ ರೋಧ ಹೆಚ್ಚುವುದು. ಶುದ್ಧವಾದ ಅರೆವಾಹಕವನ್ನು ಕಾಯಿಸಿದರೆ ರೋಧ ಇಳಿಯುವುದು. ಈ ವೈಪರೀತ್ಯವನ್ನು ಮೈಕೇಲ್ ಫ್ಯಾರಡೆಯು 1833ರಲ್ಲಿ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡು ದಾಖಲಿಸಿದನು. ಅದರ ಕಾರಣವಾದರೋ ಒಂದು ಶತಮಾನದ ತರುವಾಯ, ಕ್ವಾಂಟಮ್ ಭೌತಶಾಸ್ತ್ರವು ಬೆಳೆದ ಮೇಲೆ ತಿಳಿದುಬಂದಿತು. ಸಿಲಿಕಾನ್, ಜರ್ಮೇನಿಯಮ್‌ಗಳ ಸ್ಫಟಿಕದಲ್ಲಿ ಪ್ರತಿಯೊಂದು ಪರಮಾಣುವೂ ತನ್ನ ಹೊರಕವಚದ ಎಲೆಕ್ಟ್ರಾನುಗಳನ್ನು ನೆರೆಯ ಪರಮಾಣುಗಳೊಡನೆ ಹಂಚಿಕೊಂಡು ಬಂಧಗಳನ್ನು ರಚಿಸಿಕೊಂಡಿರುವುದು. ಸ್ಫಟಿಕದ ಉಷ್ಣಕಂಪನದಿಂದ ಸಾಕಷ್ಟು ಶಕ್ತಿಯನ್ನು ಪಡೆದ ಎಲೆಕ್ಟ್ರಾನು ಬಂಧವನ್ನು ಕಡಿದುಕೊಂಡು ಹೊರಬಿದ್ದಾಗ, ಸ್ವತಂತ್ರವಾದ ಆ ಎಲೆಕ್ಟ್ರಾನೂ ಅದು ಬಿಟ್ಟುಬಂದ ಎಡೆಯಲ್ಲಿ ಉಳಿದ ರಂಧ್ರವೂ ವಿದ್ಯುತ್ತಿನ ವಾಹಕಗಳಾಗುವುವು. ಬಂಧವನ್ನು ಬಿಡಿಸಲು ಬೇಕಾದ ಶಕ್ತಿ ಸಿಲಿಕಾನಿನಲ್ಲಿ ಸುಮಾರು 1.12 ಎಲೆಕ್ಟ್ರಾನ್‌ವೋಲ್ಟ್, ಜರ್ಮೇನಿಯಮ್‌ನಲ್ಲಿ ಸುಮಾರು 0.66 ಎಲೆಕ್ಟ್ರಾನ್‌ವೋಲ್ಟ್. ನೋಟಕ್ಕೆ ಸಣ್ಣದೆನಿಸುವ ಈ ಅಂತರದ ಫಲ ಅಸಾಧಾರಣವಾದುದು. ಸಾಮಾನ್ಯ ಉಷ್ಣತೆಯಲ್ಲಿ ಒಂದು ಘನ ಸೆಂಟಿಮೀಟರ್ ಶುದ್ಧ ಸಿಲಿಕಾನಿನಲ್ಲಿ ಇಂತಹ ಸ್ವತಂತ್ರ ಎಲೆಕ್ಟ್ರಾನುಗಳ ಸಂಖ್ಯೆ ಸುಮಾರು ಸಾವಿರ ಕೋಟಿಯಷ್ಟಿದ್ದರೆ, ಜರ್ಮೇನಿಯಮ್‌ನಲ್ಲಿ ಅದು ಎರಡು ಸಾವಿರ ಪಟ್ಟಿಗೂ ಅಧಿಕ.

ಉಪಯುಕ್ತ ಸಾಧನಗಳಲ್ಲಿ ಅರೆವಾಹಕವನ್ನು ಶುದ್ಧರೂಪದಲ್ಲಿ ಬಳಸದೆ, ರಂಜಕ, ಬೋರಾನ್ ಮುಂತಾದ ಧಾತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ, ಎಲೆಕ್ಟ್ರಾನು ಪ್ರಧಾನವಾದ ಎನ್ ಬಗೆಯನ್ನೂ ರಂಧ್ರ ಪ್ರಧಾನವಾದ ಪಿ ಬಗೆಯನ್ನೂ ಸಿದ್ಧಪಡಿಸುವರು. ಬೆರಕೆಯಿಂದ ಬಂದ ವಾಹಕಗಳ ಸಂಖ್ಯೆ ಸಾಮಾನ್ಯ ಉಷ್ಣತೆಗಳಲ್ಲಿ ಬಹುಮಟ್ಟಿಗೆ ಸ್ಥಿರ. ಉಷ್ಣದಿಂದ ಹುಟ್ಟುವ ವಾಹಕಗಳಾದರೋ ಸಿಲಿಕಾನಿನಲ್ಲಿ ಉಷ್ಣತೆಯು ಒಂಬತ್ತು ಹತ್ತು ಡಿಗ್ರಿ ಏರಿದಂತೆಲ್ಲ ಇಮ್ಮಡಿಯಾಗುತ್ತ ಹೋಗುವುವು. ಉಷ್ಣದಿಂದ ಹುಟ್ಟಿದ ಇವು ಬೆರಕೆಯಿಂದ ಬಂದವುಗಳ ಸಂಖ್ಯೆಯನ್ನು ಸರಿಗಟ್ಟಿದಾಗ ಪಿ ಮತ್ತು ಎನ್ ಎಂಬ ಭೇದವೇ ಅಳಿದು, ಸಾಧನವು ತನ್ನ ಕಾರ್ಯಕ್ಕೆ ಅಯೋಗ್ಯವಾಗುವುದು. ಜರ್ಮೇನಿಯಮ್ ಸಾಧನಗಳನ್ನು ಸಾಮಾನ್ಯವಾಗಿ 75ರಿಂದ 90 ಡಿಗ್ರಿ ಸೆಲ್ಸಿಯಸ್ಸಿನೊಳಗೂ, ಸಿಲಿಕಾನ್ ಸಾಧನಗಳನ್ನು 150ರಿಂದ 200 ಡಿಗ್ರಿಗಳೊಳಗೂ ಇರಿಸಬೇಕೆಂಬ ನಿಯಮಕ್ಕೆ ಮುಖ್ಯ ಆಧಾರವು ಇಲ್ಲಿದೆ.

ಜರ್ಮೇನಿಯಮ್‌ನಿಂದ ಸಿಲಿಕಾನಿಗೆ

ಟ್ರಾನ್ಸಿಸ್ಟರಿಗೆ ಮುಂಚೆ ಅದರ ಸ್ಥಾನದಲ್ಲಿದ್ದ ವಾಲ್ವು, ಕೆಂಪಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳನ್ನು ಹೊರಸೂಸುತ್ತಿದ್ದಿತು. ನೂರಾರು ಡಿಗ್ರಿಗಳಲ್ಲಿ ಉರಿಯುವ ಆ ಕ್ಯಾಥೋಡಿಗೆ ಹೊರಗಿನ ಗಾಳಿಯು 20 ಡಿಗ್ರಿಯಿದ್ದರೇನು, 40 ಡಿಗ್ರಿಯಿದ್ದರೇನು, ಭೇದವು ಲೆಕ್ಕಕ್ಕೆ ಬರುತ್ತಿರಲಿಲ್ಲ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೆನ್ ಮೊದಲ ಟ್ರಾನ್ಸಿಸ್ಟರನ್ನು ನಡೆಸಿ ತೋರಿಸಿದಾಗ, ವಿಲಿಯಮ್ ಶಾಕ್ಲಿಯು ಅನಂತರ, ಪಿ ಮತ್ತು ಎನ್ ಬಗೆಗಳು ಕೂಡುವ ಎಡೆಯಾದ ಸಂಧಿಯನ್ನು ಆಧರಿಸಿದ ಸಂಧಿ ಟ್ರಾನ್ಸಿಸ್ಟರಿನ ಸಿದ್ಧಾಂತವನ್ನು ರೂಪಿಸಿದಾಗ, ಈ ಹೊಸ ಸಾಧನವು ಕಡಿಮೆ ವಿದ್ಯುತ್ತಿನಲ್ಲಿ, ಅಲ್ಪ ಗಾತ್ರದಲ್ಲಿ ಕೆಲಸ ಮಾಡುವ ಸೌಕರ್ಯವನ್ನು ತಂದಿತಾದರೂ, ಅದರೊಂದಿಗೆ ಹವೆಯ ಬಿಸಿಯನ್ನು ಮಂಡಲದೊಳಕ್ಕೆ ಬರಮಾಡಿಕೊಂಡಿತು. ಮೊದಲ ಟ್ರಾನ್ಸಿಸ್ಟರುಗಳು ಜರ್ಮೇನಿಯಮ್‌ನಿಂದಾದುವು. 938 ಡಿಗ್ರಿಗೆ ಕರಗುವ ಆ ಲೋಹಸದೃಶ ವಸ್ತುವನ್ನು ಶುದ್ಧೀಕರಿಸುವುದು 1,414 ಡಿಗ್ರಿಗೆ ಕರಗುವ ಸಿಲಿಕಾನನ್ನು ಶುದ್ಧೀಕರಿಸುವುದಕ್ಕಿಂತ ಸುಲಭವಾಗಿದ್ದುದೇ ಇದಕ್ಕೆ ಮುಖ್ಯ ಕಾರಣ. 1954ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯಲ್ಲಿ ಗಾರ್ಡನ್ ಟೀಲ್‌ನ ನೇತೃತ್ವದಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರು ಸಿದ್ಧವಾದ ಮೇಲೆ, ಬಿಸಿಯನ್ನು ತಾಳುವ ಅದರ ಗುಣದಿಂದಾಗಿ ಜರ್ಮೇನಿಯಮ್ ಕ್ರಮೇಣ ಹಿಂದೆ ಸರಿಯಿತು.

ಇದೇ ಪರಿವರ್ತನೆ ಕರ್ನಾಟಕದಲ್ಲಿಯೂ ಸ್ಪಷ್ಟವಾಗಿ ನಡೆದುದುಂಟು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನೂ, 1962ರಲ್ಲಿ ಜರ್ಮೇನಿಯಮ್ ಅರೆವಾಹಕಗಳ ತಯಾರಿಕೆಯನ್ನೂ ಆರಂಭಿಸಿ, 1967ರಲ್ಲಿ ಸಿಲಿಕಾನ್ ಸಾಧನಗಳಿಗೂ ಸಂಕಲಿತ ಮಂಡಲಗಳಿಗೂ ಕೈಹಾಕಿತು. ಅನ್ಯದೇಶಗಳಲ್ಲಿ ಹಲವು ವರ್ಷ ಹಿಡಿದ ವಾಲ್ವು, ಜರ್ಮೇನಿಯಮ್, ಸಿಲಿಕಾನ್ ಎಂಬ ಮೂರು ಘಟ್ಟಗಳನ್ನು ಒಂದೇ ಕಾರ್ಖಾನೆಯು ಆರು ವರ್ಷಗಳಲ್ಲಿ ದಾಟಿದುದು ನಮ್ಮ ನಾಡಿನ ತಾಂತ್ರಿಕ ಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿ.

ಡಯೋಡಿನ ಮೇಲೆ ಪರಿಣಾಮ

ಡಯೋಡಿನಲ್ಲಿ ಉಷ್ಣತೆಯ ಪ್ರಭಾವವು ಎರಡು ಬಗೆಯಾಗಿ ತೋರುವುದು. ಹಿಮ್ಮುಖ ವೋಲ್ಟೇಜನ್ನು ಕೊಟ್ಟಾಗ ಹರಿಯುವ ಸೋರುಪ್ರವಾಹವು ಉಷ್ಣದಿಂದ ಹುಟ್ಟಿದ ವಾಹಕಗಳದೇ ಆದುದರಿಂದ, ಸುಮಾರು ಹತ್ತು ಡಿಗ್ರಿಗೊಮ್ಮೆ ಇಮ್ಮಡಿಯಾಗುವುದು. 25 ಡಿಗ್ರಿಯಲ್ಲಿದ್ದುದಕ್ಕಿಂತ 75 ಡಿಗ್ರಿಯಲ್ಲಿ ಸೋರಿಕೆಯು 32 ಪಟ್ಟಾಗುವುದೆಂದರೆ ಏರಿಕೆಯ ವೇಗವನ್ನು ಊಹಿಸಬಹುದು. ಸಿಲಿಕಾನ್ ಡಯೋಡಿನಲ್ಲಿ ಮೂಲ ಸೋರಿಕೆಯೇ ನ್ಯಾನೋಆಂಪಿಯರುಗಳಷ್ಟು ಸೂಕ್ಷ್ಮವಾಗಿರುವುದರಿಂದ ಈ ಏರಿಕೆಯು ಬಹುಪಾಲು ಕಾರ್ಯಗಳಿಗೆ ಬಾಧಕವಲ್ಲ. ರೇಡಿಯೋಗಳಲ್ಲಿ ಧ್ವನಿಯನ್ನು ಬೇರ್ಪಡಿಸಲು ಬಳಕೆಯಾಗುತ್ತಿದ್ದ ಒ.ಎ. 79ರಂತಹ ಜರ್ಮೇನಿಯಮ್ ಡಯೋಡುಗಳಲ್ಲಿ ಅದು ಗಣನೀಯ.

ಮುಮ್ಮುಖವಾಗಿ ವಿದ್ಯುತ್ತನ್ನು ಹರಿಸಿದಾಗ, ಪ್ರವಾಹವನ್ನು ಒಂದೇ ಸಮನಾಗಿಟ್ಟರೆ, ಸಿಲಿಕಾನ್ ಡಯೋಡಿನ ತುದಿಗಳ ನಡುವಣ ವೋಲ್ಟೇಜು ಪ್ರತಿ ಡಿಗ್ರಿಗೂ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುವುದು. 25 ಡಿಗ್ರಿಯಲ್ಲಿ 0.65 ವೋಲ್ಟ್ ತೋರಿಸುವ ಡಯೋಡು 75 ಡಿಗ್ರಿಯಲ್ಲಿ 0.55 ವೋಲ್ಟನ್ನಷ್ಟೇ ತೋರಿಸುವುದು. ಡಯೋಡಿನ ಸಮೀಕರಣದಲ್ಲಿ ಬರುವ ಉಷ್ಣವೋಲ್ಟೇಜು, 27 ಡಿಗ್ರಿಯಲ್ಲಿ ಸುಮಾರು 26 ಮಿಲಿವೋಲ್ಟಿದ್ದು ಉಷ್ಣತೆಯೊಡನೆ ಏರುವುದರಿಂದ ಮುಮ್ಮುಖ ವೋಲ್ಟೇಜೂ ಏರಬೇಕಲ್ಲವೆ ಎಂಬ ಶಂಕೆ ವಿದ್ಯಾರ್ಥಿಗಳಲ್ಲಿ ಸಹಜ. ಆದರೆ ಅದೇ ಸಮೀಕರಣದಲ್ಲಿ ಅಡಗಿರುವ ಸಂತೃಪ್ತ ಪ್ರವಾಹವು ಅದಕ್ಕಿಂತ ಎಷ್ಟೋ ಮಡಿ ವೇಗದಿಂದ ಬೆಳೆಯುವುದರಿಂದ, ಅಷ್ಟೇ ಪ್ರವಾಹವನ್ನು ಹರಿಸಲು ಬೇಕಾಗುವ ವೋಲ್ಟೇಜು ಒಟ್ಟಿನಲ್ಲಿ ಕಡಿಮೆಯಾಗುವುದು.

ನಿಯತ ವೋಲ್ಟೇಜನ್ನು ಕಾಯುವ ಝೀನರ್ ಡಯೋಡಿನಲ್ಲಿ ಸ್ಥಿತಿ ಇನ್ನೂ ಸ್ವಾರಸ್ಯಕರ. ಸುಮಾರು 5 ವೋಲ್ಟಿಗಿಂತ ಕೆಳಗಿನವುಗಳಲ್ಲಿ ಉಷ್ಣತೆ ಏರಿದಂತೆ ವೋಲ್ಟೇಜು ಇಳಿಯುವುದು. 6 ವೋಲ್ಟಿಗಿಂತ ಮೇಲಿನವುಗಳಲ್ಲಿ ಏರುವುದು. ಮೊದಲನೆಯದರಲ್ಲಿ ಎಲೆಕ್ಟ್ರಾನುಗಳು ಶಕ್ತಿಯ ತಡೆಯನ್ನು ಸುರಂಗದಲ್ಲಿ ನುಸುಳಿದಂತೆ ದಾಟುವುದೂ, ಎರಡನೆಯದರಲ್ಲಿ ಒಂದು ಎಲೆಕ್ಟ್ರಾನು ಡಿಕ್ಕಿಯಿಂದ ಹಲವನ್ನು ಬಿಡಿಸುತ್ತ ಹೋಗುವುದೂ ಪ್ರಧಾನ ಕ್ರಿಯೆಗಳು. ಎರಡೂ ಸಮತೂಗುವ 5.1ರಿಂದ 5.6 ವೋಲ್ಟಿನ ಆಸುಪಾಸಿನಲ್ಲಿ ಉಷ್ಣತೆಯ ಪ್ರಭಾವವು ಅತ್ಯಲ್ಪವಾಗುವುದರಿಂದ, ನಿಖರತೆಯನ್ನು ಬಯಸುವವರು ಈ ಝೀನರುಗಳನ್ನೇ ಆರಿಸಿಕೊಳ್ಳುವರು.

ಟ್ರಾನ್ಸಿಸ್ಟರಿನ ಮೇಲೆ ಪರಿಣಾಮ

ಉತ್ಸರ್ಜಕ, ಆಧಾರ, ಸಂಗ್ರಾಹಕ ಎಂಬ ಮೂರು ಭಾಗಗಳುಳ್ಳ ಟ್ರಾನ್ಸಿಸ್ಟರಿನಲ್ಲಿ ಮೂರು ಪರಿಮಾಣಗಳು ಒಟ್ಟಿಗೆ ಬದಲಾಗುವುವು. ಆಧಾರ ಮತ್ತು ಉತ್ಸರ್ಜಕಗಳ ನಡುವಣ ವೋಲ್ಟೇಜು ಡಯೋಡಿನಲ್ಲಿಯಂತೆಯೇ ಡಿಗ್ರಿಗೆ 2 ಮಿಲಿವೋಲ್ಟಿನಂತೆ ಇಳಿಯುವುದು. ಪ್ರವಾಹವನ್ನು ವರ್ಧಿಸುವ ಬೀಟಾ ಎಂಬ ಗುಣಾಂಕವು ಡಿಗ್ರಿಗೆ ಶೇಕಡಾ 0.5ರಿಂದ 1ರಷ್ಟು ಹೆಚ್ಚುವುದು. ಸಂಗ್ರಾಹಕ ಮತ್ತು ಆಧಾರಗಳ ನಡುವಣ ಸೋರುಪ್ರವಾಹವು ಹತ್ತು ಡಿಗ್ರಿಗೆ ಇಮ್ಮಡಿಯಾಗುವುದು. ಈ ಮೂರೂ ಸಂಗ್ರಾಹಕ ಪ್ರವಾಹವನ್ನು ಒಂದೇ ದಿಕ್ಕಿಗೆ, ಎಂದರೆ ಮೇಲಕ್ಕೆ, ತಳ್ಳುವುದರಿಂದ ಒಂದರ ದೋಷವನ್ನು ಇನ್ನೊಂದು ಪರಿಹರಿಸುವ ಸಂಭವವಿಲ್ಲ.

ಇದರ ಗುರುತ್ವವನ್ನು ತಿಳಿಯಲು ಒಂದು ಉದಾಹರಣೆ ಸಾಕು. 25 ಡಿಗ್ರಿಯಲ್ಲಿ 5 ಮೈಕ್ರೋಆಂಪಿಯರ್ ಸೋರುವ, 60 ಬೀಟಾ ಉಳ್ಳ ಜರ್ಮೇನಿಯಮ್ ಟ್ರಾನ್ಸಿಸ್ಟರೊಂದನ್ನು ಆಧಾರಕ್ಕೆ ಒಂದೇ ರೋಧಕವಿರುವ ಸರಳ ಬಯಾಸಿನಲ್ಲಿ, ಎಂದರೆ ಕಾರ್ಯಬಿಂದುವನ್ನು ನಿಗದಿಪಡಿಸುವ ಏರ್ಪಾಟಿನಲ್ಲಿ, ಜೋಡಿಸಲಾಗಿದೆಯೆಂದು ಭಾವಿಸೋಣ. ಸೋರುಪ್ರವಾಹವೂ ಆಧಾರದ ಮೂಲಕ ವರ್ಧಿಸಲ್ಪಡುವುದರಿಂದ ಸಂಗ್ರಾಹಕದಲ್ಲಿ ಅದು 61 ಪಟ್ಟಾಗಿ, ಸುಮಾರು 0.3 ಮಿಲಿಆಂಪಿಯರ್ ಆಗುವುದು. ಬೇಸಿಗೆಯ ಬಿಸಿಲಿನಲ್ಲಿಟ್ಟ ರೇಡಿಯೋ ಪೆಟ್ಟಿಗೆಯೊಳಗೆ ಉಷ್ಣತೆಯು 45 ಡಿಗ್ರಿಗೆ ಏರಿದರೆ ಅದೇ ಸೋರಿಕೆಯು ನಾಲ್ಕು ಪಟ್ಟಾಗಿ 1.2 ಮಿಲಿಆಂಪಿಯರನ್ನು ಮುಟ್ಟುವುದು. ಒಂದೆರಡು ಮಿಲಿಆಂಪಿಯರಿನಲ್ಲಿ ಕೆಲಸ ಮಾಡಬೇಕಾದ ಘಟ್ಟಕ್ಕೆ ಇಷ್ಟೊಂದು ಅನಾಹ್ವಾನಿತ ಪ್ರವಾಹವು ಬಂದು ಸೇರಿದಾಗ ಕಾರ್ಯಬಿಂದುವು ಸ್ಥಾನ ಬಿಟ್ಟು ಸರಿದು, ಧ್ವನಿ ಒಡೆದು, ಬ್ಯಾಟರಿ ಬೇಗ ಬರಿದಾಗುವುದು.

ಶಕ್ತಿಘಟ್ಟಗಳಲ್ಲಿ ಅಪಾಯವು ಇಷ್ಟಕ್ಕೆ ನಿಲ್ಲದು. ಉಷ್ಣತೆ ಏರಿದುದರಿಂದ ಪ್ರವಾಹ ಹೆಚ್ಚುವುದು. ಪ್ರವಾಹ ಹೆಚ್ಚಿದುದರಿಂದ ಸಂಧಿಯಲ್ಲಿ ವ್ಯಯವಾಗುವ ಶಕ್ತಿ ಹೆಚ್ಚಿ ಉಷ್ಣತೆ ಮತ್ತೆ ಏರುವುದು. ಹುಟ್ಟುವ ಉಷ್ಣವನ್ನು ಹೊರಸಾಗಿಸುವ ಸಾಮರ್ಥ್ಯವು ಇದಕ್ಕೆ ಸರಿದೊರೆಯಾಗದಿದ್ದರೆ ಈ ಚಕ್ರವು ತಾನಾಗಿ ನಿಲ್ಲದೆ ಟ್ರಾನ್ಸಿಸ್ಟರನ್ನು ಸುಟ್ಟುಬಿಡುವುದು. ತಂತ್ರಜ್ಞರು ಇದನ್ನು ಥರ್ಮಲ್ ರನ್‌ಅವೇ ಎನ್ನುವರು. ಪ್ರವಾಹವು ಸಂಧಿಯ ಒಂದೇ ಬಿಂದುವಿನಲ್ಲಿ ಕೇಂದ್ರೀಕೃತವಾಗಿ, ಆ ಬಿಂದು ಮಾತ್ರ ಕಾದು ಕರಗುವ ದ್ವಿತೀಯ ಭಂಜನವೆಂಬ ಅಪಾಯವು ಇದರ ಸಮೀಪಬಂಧು.

ಸ್ಥಿರೀಕರಣದ ಉಪಾಯಗಳು

ಈ ಚಲನೆಯನ್ನು ತಡೆಯುವ ಉಪಾಯಗಳಲ್ಲಿ ಉತ್ಸರ್ಜಕದ ಮಾರ್ಗದಲ್ಲಿ ರೋಧಕವನ್ನಿಟ್ಟು, ಆಧಾರಕ್ಕೆ ಎರಡು ರೋಧಕಗಳಿಂದ ಹಂಚಿದ ಸ್ಥಿರ ವೋಲ್ಟೇಜನ್ನು ಕೊಡುವ ಪದ್ಧತಿಯು ಸರ್ವಸಾಧಾರಣವಾದುದು. ಸಂಗ್ರಾಹಕ ಪ್ರವಾಹವು ಏರಲೆತ್ನಿಸಿದೊಡನೆ ಉತ್ಸರ್ಜಕ ರೋಧಕದ ಮೇಲಣ ವೋಲ್ಟೇಜೂ ಏರಿ, ಆಧಾರ-ಉತ್ಸರ್ಜಕ ವೋಲ್ಟೇಜನ್ನು ಕುಗ್ಗಿಸಿ, ಪ್ರವಾಹವನ್ನು ಮತ್ತೆ ಹಿಂದಕ್ಕೆಳೆಯುವುದು. ಆ ರೋಧಕದ ಮೇಲೆ ಒಂದು ವೋಲ್ಟಿನಷ್ಟನ್ನು ಬಿಟ್ಟುಕೊಟ್ಟರೆ, 50 ಡಿಗ್ರಿಗಳ ಏರಿಕೆಯಿಂದ ಬರುವ 0.1 ವೋಲ್ಟಿನ ವ್ಯತ್ಯಾಸವು ಪ್ರವಾಹವನ್ನು ಸುಮಾರು ಹತ್ತನೆಯ ಒಂದು ಭಾಗದಷ್ಟು ಮಾತ್ರ ಕದಲಿಸಬಲ್ಲದು.

ಎರಡನೆಯ ಉಪಾಯವೆಂದರೆ ಉಷ್ಣದಿಂದಲೇ ಉಷ್ಣವನ್ನು ಸರಿದೂಗಿಸುವುದು. ಎ.ಸಿ. 128ರಂತಹ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳನ್ನು ಜೋಡಿಯಾಗಿ ಬಳಸಿದ ಹಳೆಯ ರೇಡಿಯೋಗಳ ಅಂತಿಮ ಘಟ್ಟದಲ್ಲಿ, ಬಿಸಿಯಾದಂತೆ ರೋಧ ಇಳಿಯುವ ಥರ್ಮಿಸ್ಟರನ್ನು ಬಯಾಸಿನ ಮಾರ್ಗದಲ್ಲಿಟ್ಟು, ಬಿಸಿಲೇರಿದಂತೆ ಆಧಾರದ ವೋಲ್ಟೇಜು ತಾನಾಗಿ ತಗ್ಗುವಂತೆ ಮಾಡುತ್ತಿದ್ದರು. ಇಂದಿನ ಧ್ವನಿವರ್ಧಕಗಳಲ್ಲಿ ಆ ಕಾರ್ಯವನ್ನು ಶಕ್ತಿ ಟ್ರಾನ್ಸಿಸ್ಟರಿನ ಉಷ್ಣವನ್ನು ಗಾಳಿಗೆ ಬಿಡುವ ಲೋಹದ ಹೀಟ್ ಸಿಂಕಿಗೇ ಅಂಟಿಸಿದ ಡಯೋಡು ಅಥವಾ ಸಣ್ಣ ಟ್ರಾನ್ಸಿಸ್ಟರು ಮಾಡುವುದು. ಅದನ್ನು ದೂರದಲ್ಲಿ ಬೋರ್ಡಿನ ಮೇಲೆ ನಿಲ್ಲಿಸಿದರೆ ಪ್ರಯೋಜನವಿಲ್ಲ; ರಿಪೇರಿಯ ವೇಳೆ ಕಳಚಿದ ಈ ಸಣ್ಣ ಅಂಗವನ್ನು ಮತ್ತೆ ಸಿಂಕಿಗೆ ಒತ್ತಿ ಕೂಡಿಸುವುದು ಅತ್ಯಗತ್ಯ.

ಕ್ಷೇತ್ರ ಪರಿಣಾಮದಿಂದ ಕೆಲಸ ಮಾಡುವ ಮಾಸ್‌ಫೆಟ್ಟಿನ ಸ್ವಭಾವವು ಭಿನ್ನ. ಪೂರ್ಣವಾಗಿ ತೆರೆದು ಸ್ವಿಚ್ಚಿನಂತೆ ನಡೆಯುವಾಗ ಅದರ ರೋಧವು ಉಷ್ಣತೆಯೊಡನೆ ಏರುವುದರಿಂದ, ಹಲವನ್ನು ಸಮಾಂತರವಾಗಿ ಜೋಡಿಸಿದರೆ ಹೆಚ್ಚು ಕಾದದ್ದು ತಾನಾಗಿ ಹಿಂಜರಿದು ಭಾರವನ್ನು ಉಳಿದವುಗಳಿಗೆ ಬಿಟ್ಟುಕೊಡುವುದು. ಆದರೆ ಅರೆತೆರೆದ ಸ್ಥಿತಿಯಲ್ಲಿ ಕಡಿಮೆ ಪ್ರವಾಹವನ್ನು ನಿಯಂತ್ರಿಸುವಾಗ, ಅದರ ಆರಂಭ ವೋಲ್ಟೇಜು ಉಷ್ಣತೆಯೊಡನೆ ಇಳಿಯುವ ಗುಣವೇ ಮೇಲುಗೈ ಪಡೆದು, ಅಲ್ಲಿಯೂ ಪ್ರವಾಹವು ಏರುತ್ತ ಹೋಗಬಹುದು.

ಉಷ್ಣದ ನಿರ್ಗಮನ

ಸಂಧಿಯಲ್ಲಿ ಹುಟ್ಟಿದ ಉಷ್ಣವು ಸಾಧನದ ಕವಚ, ಹೀಟ್ ಸಿಂಕ್, ಗಾಳಿ ಎಂಬ ಮೆಟ್ಟಿಲುಗಳನ್ನಿಳಿದು ಹೊರಹೋಗಬೇಕು. ಕಾಲುವೆಯ ಇಕ್ಕಟ್ಟು ಹೆಚ್ಚಿದಷ್ಟೂ ಹಿಂದಣ ನೀರಿನ ಮಟ್ಟ ಏರುವಂತೆ, ಈ ದಾರಿಯಲ್ಲಿ ಉಷ್ಣರೋಧ ಹೆಚ್ಚಿದಷ್ಟೂ ಸಂಧಿಯ ಉಷ್ಣತೆ ಏರುವುದು. ಉಷ್ಣರೋಧವನ್ನು ಒಂದು ವ್ಯಾಟಿಗೆ ಇಷ್ಟು ಡಿಗ್ರಿ ಎಂದು ಅಳೆಯುವರು. ಹೆಸರುವಾಸಿಯಾದ 2ಎನ್3055 ಟ್ರಾನ್ಸಿಸ್ಟರಿಗೆ 115 ವ್ಯಾಟಿನ ಸಾಮರ್ಥ್ಯವುಂಟೆಂದು ಪಟ್ಟಿಗಳಲ್ಲಿ ಕಾಣುವುದಷ್ಟೆ. ಅದು ಕವಚವು 25 ಡಿಗ್ರಿಯಲ್ಲಿದ್ದಾಗಿನ ಮಾತು. ಕವಚವು ಅದಕ್ಕಿಂತ ಬಿಸಿಯಾದ ಪ್ರತಿ ಡಿಗ್ರಿಗೂ ಸುಮಾರು 0.66 ವ್ಯಾಟನ್ನು ಕಳೆಯಬೇಕಾಗಿರುವುದರಿಂದ, ಕವಚವು 100 ಡಿಗ್ರಿಯಲ್ಲಿದ್ದಾಗ ಉಳಿಯುವುದು ಸುಮಾರು 66 ವ್ಯಾಟ್. 200 ಡಿಗ್ರಿಯಲ್ಲಿ ಶೂನ್ಯ. ಪಟ್ಟಿಯ ಮೊದಲ ಸಾಲನ್ನು ಮಾತ್ರ ಓದಿ ವಿನ್ಯಾಸ ಮಾಡುವವನು ಅರ್ಧಕ್ಕರ್ಧ ಮೋಸಹೋಗುವನು.

ಈಸೂರಿನ ಸೀಮೆಯಲ್ಲಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳು ಅರೆಮಲೆನಾಡಿನ ಪ್ರದೇಶ. ಮಳೆಗಾಲದಲ್ಲಿ ತೇವ, ಮಾಘದ ರಾತ್ರಿಗಳಲ್ಲಿ ತಂಪು, ಯುಗಾದಿಯ ಆಚೀಚೆ 35 ಡಿಗ್ರಿಯನ್ನು ಮೀರುವ ಬಿಸಿಲು. 1942ರ ಚಲೇಜಾವ್ ಚಳವಳಿಯಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡ ಈಸೂರು ಈ ಸೀಮೆಯದು. ಆ ವರ್ಷ ಟ್ರಾನ್ಸಿಸ್ಟರೆಂಬ ವಸ್ತುವೇ ಲೋಕದಲ್ಲಿರಲಿಲ್ಲ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಬಳಿಕ ಹೆಗಲಿಗೆ ನೇತುಹಾಕಿಕೊಂಡು ಗದ್ದೆಗೆ ಒಯ್ಯಬಹುದಾದ ಟ್ರಾನ್ಸಿಸ್ಟರ್ ರೇಡಿಯೋ ಮಲೆನಾಡಿನ ಹಳ್ಳಿಗಳ ಬಾಳಿನಲ್ಲಿ ಸೇರಿತು; ಇಂದಿನ ಪಂಪ್‌ಸೆಟ್ಟಿನ ಸ್ಟಾರ್ಟರು, ಸೌರದೀಪ, ಮೊಬೈಲುಗಳು ಅದರ ಸಂತತಿ. ಇವೆಲ್ಲವೂ ಬಯಲಿನ ಬಿಸಿಲನ್ನು ಸಹಿಸಿ ಬಾಳಬೇಕು.

ಅಡಕೆ ತೋಟದ ಪಂಪ್‌ಹೌಸಿನ ತಗಡಿನ ಪೆಟ್ಟಿಗೆಯನ್ನು ತೆಗೆದುಕೊಳ್ಳೋಣ. ಹೊರಗೆ 38 ಡಿಗ್ರಿಯಿದ್ದಾಗ ಮುಚ್ಚಿದ ಪೆಟ್ಟಿಗೆಯೊಳಗೆ 50 ಡಿಗ್ರಿಯಾಗುವುದು ಕಷ್ಟವಲ್ಲ. ಅದರಲ್ಲಿ 12 ವೋಲ್ಟನ್ನು 5 ವೋಲ್ಟಿಗಿಳಿಸುವ 7805 ರೆಗ್ಯುಲೇಟರು ಅರ್ಧ ಆಂಪಿಯರನ್ನು ಕೊಡುತ್ತಿದ್ದರೆ 3.5 ವ್ಯಾಟು ಉಷ್ಣವಾಗಿ ಹೋಗುವುದು. ಹೀಟ್ ಸಿಂಕಿಲ್ಲದೆ ವ್ಯಾಟಿಗೆ ಸುಮಾರು 65 ಡಿಗ್ರಿಯಂತೆ ಅದು 200 ಡಿಗ್ರಿಗೂ ಮಿಗಿಲಾಗಿ ಕಾಯಲೆತ್ನಿಸಿ, ಅಂತರ್ಗತ ರಕ್ಷಣೆಯಿಂದ ತಾನೇ ಕೆಲಸ ನಿಲ್ಲಿಸುವುದು. ರೈತನ ಕಣ್ಣಿಗೆ ಇದು ಮಧ್ಯಾಹ್ನ ಕೆಟ್ಟು ಸಂಜೆ ಸರಿಹೋಗುವ ಯಂತ್ರ. ಸಂಧಿಯಿಂದ ಗಾಳಿಯವರೆಗಿನ ಒಟ್ಟು ರೋಧವನ್ನು ವ್ಯಾಟಿಗೆ 16 ಡಿಗ್ರಿಗಿಳಿಸುವ ಅಲ್ಯೂಮಿನಿಯಂ ಸಿಂಕನ್ನು ಬಿಗಿದರೆ ಸಂಧಿಯು 106 ಡಿಗ್ರಿಯಲ್ಲಿ ನಿಂತು, 125 ಡಿಗ್ರಿಯ ಮಿತಿಯೊಳಗೆ ಸುಖವಾಗಿ ನಡೆಯುವುದು.

ಮಾಳಿಗೆಯ ಮೇಲಿನ ಸೌರಫಲಕವೂ ಮೂಲತಃ ಡಯೋಡುಗಳ ಸಾಲೇ ಆದುದರಿಂದ ಅದಕ್ಕೂ ಇದೇ ನಿಯಮ. ಬೆಳಕು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚುವುದು ದಿಟ. ಬಿಸಿ ಹೆಚ್ಚಿದಷ್ಟೂ ವೋಲ್ಟೇಜು ಕುಗ್ಗುವುದೂ ಅಷ್ಟೇ ದಿಟ. ಫಲಕದ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿಯಲ್ಲಿ. ನಡುಹಗಲಿನಲ್ಲಿ ಅದು 60 ಡಿಗ್ರಿಗೆ ಕಾದರೆ, ಡಿಗ್ರಿಗೆ ಶೇಕಡಾ 0.4ರಂತೆ, ಶೇಕಡಾ 14ರಷ್ಟು ಶಕ್ತಿ ಕಡಿಮೆಯಾಗುವುದು. 12 ವೋಲ್ಟಿನ ಬ್ಯಾಟರಿಗೆ 36 ಕೋಶಗಳ ಫಲಕವನ್ನು ಜೋಡಿಸುವ ರೂಢಿಯ ಮರ್ಮವೂ ಇದೇ: ತಂಪಿನಲ್ಲಿ 17-18 ವೋಲ್ಟಿನಲ್ಲಿ ಕೆಲಸ ಮಾಡುವ ಅದು ಬಿಸಿಯಲ್ಲಿ ಎರಡೂವರೆ ವೋಲ್ಟಿನಷ್ಟನ್ನು ಕಳೆದುಕೊಂಡರೂ, ಬ್ಯಾಟರಿಯನ್ನು ತುಂಬಲು ಬೇಕಾದ 14.4 ವೋಲ್ಟಿಗಿಂತ ಮೇಲೆಯೇ ಉಳಿಯುವುದು. ಫಲಕವನ್ನು ತಗಡಿಗೆ ಅಂಟಿಸದೆ ಅಡಿಯಲ್ಲಿ ಗಾಳಿಯಾಡುವಂತೆ ಎತ್ತರಿಸಿ ನಿಲ್ಲಿಸುವುದು ಖರ್ಚಿಲ್ಲದ ಲಾಭ.

ಅತಿಶೀತವೂ ಬಾಳಿಕೆಯೂ

ಶೀತವು ಅರೆವಾಹಕಕ್ಕೆ ಬಹುಮಟ್ಟಿಗೆ ಹಿತವಾದರೂ ಅತಿಶೀತದಲ್ಲಿ ವರ್ಧನೆ ಕುಗ್ಗುವುದು, ಬೆಸುಗೆಗಳು ಬಿರಿಯುವುವು, ಬ್ಯಾಟರಿಗಳು ಸೊರಗುವುವು. ಬೆಂಗಳೂರಿನಲ್ಲಿ ನಿರ್ಮಾಣವಾಗುವ ಉಪಗ್ರಹಗಳಿಗೆ ಉಷ್ಣವನ್ನು ಒಯ್ಯುವ ಗಾಳಿಯ ನೆರವಿಲ್ಲದುದರಿಂದ, ಲೋಹದ ವಹನ ಮತ್ತು ವಿಕಿರಣಗಳಿಂದಲೇ ತಂಪನ್ನು ಸಾಧಿಸಬೇಕಾಗುವುದು. ಹಾರಿಸುವ ಮುನ್ನ ನಿರ್ವಾತ ಕೋಣೆಯಲ್ಲಿ ಕಾಯಿಸಿ ತಣಿಸಿ ಪರೀಕ್ಷಿಸುವುದು ಆದುದರಿಂದಲೇ. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ಉಪಕರಣಗಳು ಒಂದು ಚಾಂದ್ರ ಹಗಲಿನ ಕಾರ್ಯವನ್ನು ಮುಗಿಸಿ, ಆ ದೀರ್ಘ ರಾತ್ರಿಯ ಶೀತದ ಬಳಿಕ ಮತ್ತೆ ಎಚ್ಚರಗೊಳ್ಳಲಿಲ್ಲ.

ಬಾಳಿಕೆಯ ವಿಷಯದಲ್ಲಿ, ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುವುದೆಂಬ ವಾಡಿಕೆಯ ಮಾತು ಎಲ್ಲ ಸಾಧನಗಳಿಗೂ ಅಕ್ಷರಶಃ ಹೊಂದದಿದ್ದರೂ, ದಿಕ್ಕನ್ನು ಸರಿಯಾಗಿಯೇ ತೋರಿಸುವುದು. ಒಂದೇ ಸಮನಾದ ಬಿಸಿಗಿಂತ ಪದೇ ಪದೇ ಕಾದು ತಣಿಯುವುದು ಬೆಸುಗೆಗಳಿಗೆ ಹೆಚ್ಚು ಹಾನಿಕರ; ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಈ ಅಂಶವನ್ನು ಮರೆಯಲಾಗದು.

ಉಷ್ಣದ ಸದುಪಯೋಗ

ದೋಷವೆಂದು ಭಾವಿಸಿದ ಗುಣವೇ ಸಾಧನವಾಗಿ ಒದಗಿದುದೂ ಉಂಟು. ಡಿಗ್ರಿಗೆ 2 ಮಿಲಿವೋಲ್ಟಿನಂತೆ ಇಳಿಯುವ ಸಂಧಿಯು ಅಗ್ಗವಾದ ಉಷ್ಣತಾಮಾಪಕವಾಗಿ ಇಂದು ಗಣಕಯಂತ್ರ, ಮೊಬೈಲುಗಳೊಳಗೆ ಕುಳಿತಿದೆ. ಬೇರೆಬೇರೆ ಪ್ರವಾಹಸಾಂದ್ರತೆಗಳಲ್ಲಿ ನಡೆಯುವ ಎರಡು ಸಂಧಿಗಳ ವೋಲ್ಟೇಜಿನ ಅಂತರವು ಉಷ್ಣತೆಯೊಡನೆ ಏರುವುದನ್ನು ಗಮನಿಸಿ, ಆ ಏರಿಕೆಯನ್ನು ವರ್ಧಿಸಿ ಒಂದು ಸಂಧಿಯ ಇಳಿಕೆಯೊಡನೆ ಕೂಡಿಸಿದರೆ, ಉಷ್ಣತೆಗೆ ಬಹುಮಟ್ಟಿಗೆ ಅಲುಗದ ಸುಮಾರು 1.25 ವೋಲ್ಟಿನ ಪ್ರಮಾಣವು ದೊರೆಯುವುದು. 1970ರ ದಶಕದ ಆರಂಭದಲ್ಲಿ ಬಾಬ್ ವಿಡ್ಲರ್, ಅನಂತರ ಪಾಲ್ ಬ್ರೋಕಾ ರೂಪಿಸಿದ ಈ ಮಂಡಲವಿಲ್ಲದ ಸಂಕಲಿತ ರೆಗ್ಯುಲೇಟರುಗಳು ಇಂದು ವಿರಳ.

ಒಟ್ಟಿನಲ್ಲಿ, ಉಷ್ಣತೆಯು ಅರೆವಾಹಕದ ಶತ್ರುವಲ್ಲ, ಅದರ ನಿಯಾಮಕ. ತಯಾರಕರ ಪಟ್ಟಿಗಳು ಅಚ್ಚುಹಾಕುವ 25 ಡಿಗ್ರಿಯು ಈಸೂರಿನ ಚೈತ್ರ ವೈಶಾಖಗಳ ಉಷ್ಣತೆಯಲ್ಲ, ಬಳ್ಳಾರಿ ರಾಯಚೂರುಗಳದಂತೂ ಅಲ್ಲವೇ ಅಲ್ಲ. ಆದುದರಿಂದ ನಮ್ಮ ಪಾಲಿಟೆಕ್ನಿಕ್ಕುಗಳಲ್ಲಿ ಓದುವ ತರುಣರೂ ಊರಿನ ರಿಪೇರಿ ಅಂಗಡಿಗಳಲ್ಲಿ ದುಡಿಯುವ ಕುಶಲಿಗಳೂ ಪ್ರತಿಯೊಂದು ಮಂಡಲವನ್ನೂ 25 ಡಿಗ್ರಿಯಲ್ಲೊಮ್ಮೆ, ಮುಚ್ಚಿದ ಪೆಟ್ಟಿಗೆಯ 50 ಡಿಗ್ರಿಯಲ್ಲೊಮ್ಮೆ ಲೆಕ್ಕ ಹಾಕಿ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳುವುದು ಅವಶ್ಯ; ಎರಡರಲ್ಲಿಯೂ ನಿಲ್ಲುವ ಮಂಡಲವೇ ನಮ್ಮ ನಾಡಿಗೆ ತಕ್ಕದ್ದು.